ನೋಡಲು ಬಂದವರ ಬೂಟು

ಭೂವಿಜ್ಞಾನ ಕಲಿಸಲು ಹೊಸದಾಗಿ ಸೇರಿದ ಅಧ್ಯಾಪಕರೊಬ್ಬರು ಈಚೆಗೆ ಕೊಟ್ಟೂರಿನ ನಮ್ಮ ಮನೆಗೆ ಬಂದಿದ್ದರು. ವಿದ್ಯಾರ್ಥಿಗಳನ್ನು ಸಂಡೂರಿನ ಗುಡ್ಡಗಳಿಗೆ ಕರೆದುಕೊಂಡು ಹೋಗಬೇಕಾಗಿದೆ, ನೀವು ಕೆಲಸದಲ್ಲಿದ್ದಷ್ಟು ಕಾಲವೂ ಹೋಗಿಬಂದವರು, ಸ್ವಲ್ಪ ದಾರಿ ಹೇಳಿ ಎಂದರು. ನನಗೆ ಸಂತೋಷವಾಯಿತು. ಕಪಾಟಿನಲ್ಲಿದ್ದ ಹಳೆಯ ಕಲ್ಲುಗಳನ್ನು ತೆಗೆದು ಮೇಜಿನ ಮೇಲಿಟ್ಟೆ. ಅವರು ಆ ಕಡೆ ನೋಡಲಿಲ್ಲ. ಯಾವ ಗಣಿಯವರು ಬೇಗ ಅನುಮತಿ ಕೊಡುತ್ತಾರೆ, ಊಟ ಅವರೇ ಹಾಕುತ್ತಾರೆಯೇ, ಬಸ್ಸು ಕಳಿಸುತ್ತಾರೆಯೇ, ಬೂಟು ಹೆಲ್ಮೆಟ್ಟು ಗೇಟಿನಲ್ಲೇ ಸಿಗುತ್ತವೆಯೇ ಎಂದು ಒಂದರ ಹಿಂದೆ ಒಂದು ಕೇಳಿದರು.

"ಸಿಗತಾವ. ನೋಡಾಕ ಬಂದವರಿಗೆ ಯಾವಾಗ್ಲೂ ಸಿಗತಾವ" ಎಂದೆ.

ನನ್ನ ದನಿ ಯಾಕೆ ಹಾಗೆ ಗಡುಸಾಯಿತೆಂದು ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ತಾಳ್ಮೆ ಆ ಹೊತ್ತು ನನಗೂ ಇರಲಿಲ್ಲ. ಚಹಾ ಕುಡಿದು ಹೋದರು. ಅವರಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ಬಹಳ ಕಾಲದಿಂದ ದಿನಚರಿ ಬರೆಯುವವಳು. ಆದರೆ ದಿನಚರಿಯನ್ನು ಪೂರ್ತಿ ನಂಬುವವಳಲ್ಲ. ಸಂಜೆ ಬರೆಯುವಾಗ ಬೆಳಗಿನ ಸಿಟ್ಟು ಬೇರೆಯೇ ರೂಪ ತಳೆದಿರುತ್ತದೆ. ವರ್ಷಗಳ ನಂತರದ ನೆನಪಂತೂ ತನಗೆ ಬೇಕಾದದ್ದನ್ನು ಸೇರಿಸಿಕೊಂಡು ಬೆಳೆಯುತ್ತದೆ. ಮುಖ್ಯವಾದ ಆ ದಿನ ಮೋಡ ಕವಿದಿತ್ತು ಎಂದು ನನ್ನ ನೆನಪು. ಅಂದಿನ ಪುಟದಲ್ಲಿ 'ವಿಪರೀತ ಬಿಸಿಲು' ಎಂದು ನನ್ನದೇ ಅಕ್ಷರದಲ್ಲಿದೆ. ಹಾಗಾಗಿ ಆಕಾಶದ ವಿಷಯದಲ್ಲಿ ನನ್ನನ್ನು ನಂಬಬೇಡಿ. ಕಾಲುಗಳ ವಿಷಯದಲ್ಲಿ ನಂಬಬಹುದು. ಅವು ನನಗೆ ಮರೆತಿಲ್ಲ.

ನಾನು ಕಲಿಸಿದ ಕಾಲೇಜು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈಗಿನ ಈ ಐದು ತಾಲ್ಲೂಕುಗಳ ಮಕ್ಕಳು ಬರುತ್ತಿದ್ದ ಕಾಲೇಜು. ಯಾವ ಊರಿನದು ಎಂದು ಹೇಳುವುದಿಲ್ಲ. ಊರಿಗಾಗಲಿ ಕಾಲೇಜಿಗಾಗಲಿ ಮಸಿ ಬಳಿಯುವುದು ನನ್ನ ಉದ್ದೇಶವಲ್ಲ. ನಾನು ಸೇರಿದಾಗ ನಮ್ಮ ವಿಭಾಗದ ಮುಖ್ಯಸ್ಥರು ಹರಪನಹಳ್ಳಿ ಕಡೆಯ ಹಿರಿಯರು. ಕ್ಷೇತ್ರಕಾರ್ಯ ಎಂದರೆ ಅವರಿಗೆ ಸರ್ಕಾರಿ ಬಸ್ಸು, ಬುತ್ತಿ, ನಡಿಗೆ. ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಸಂಡೂರಿನ ಬಸ್ಸು ಹತ್ತುವಾಗ ಪ್ರತಿಯೊಬ್ಬರ ಚೀಲದಲ್ಲೂ ಒಂದು ಸುತ್ತಿಗೆ. ಒಮ್ಮೆ ಕಂಡಕ್ಟರು ಚೀಲ ತಟ್ಟಿ ನೋಡಿ, "ಏನ್ರಿ ಸರ, ಯಾರದರ ಮನಿ ಕೆಡವಾಕ ಹೊಂಟೀರೇನ?" ಎಂದು ಕೇಳಿದ್ದರು.

"ಇಲ್ಲೋ ಮಾರಾಯ, ಗುಡ್ಡ ಕೆಡವಾಕ" ಎಂದು ಮುಖ್ಯಸ್ಥರು ನಕ್ಕರು.

ಆಗ ಅದು ತಮಾಷೆಯ ಮಾತಾಗಿತ್ತು.

ಸಂಡೂರು ಗುಡ್ಡಗಳು ಸುತ್ತುವರಿದ ಊರು. ಒಂದು ಕಾಲಕ್ಕೆ ಸಂಸ್ಥಾನವಾಗಿತ್ತು, ಕಬ್ಬಿಣ ಮತ್ತು ಮ್ಯಾಂಗನೀಸಿನ ಅದಿರಿಗೆ ಬಹಳ ಹಿಂದಿನಿಂದ ಹೆಸರಾಗಿತ್ತು. ನಮ್ಮ ಕಡೆಯ ಬೋಳು ಬಯಲಿನಿಂದ ಹೋದವರಿಗೆ ಮಳೆಗಾಲದ ಆ ಗುಡ್ಡಸಾಲು ಕಂಡರೆ ನಂಬಿಕೆಯೇ ಬರುವುದಿಲ್ಲ. ಮೇಲೆ ಹಸಿರು ಹುಲ್ಲು, ಅದರಡಿ ಕೆಂಪು ಮಣ್ಣು, ಅಲ್ಲಲ್ಲಿ ಬಯಲಿಗೆ ಬಿದ್ದ ಪಟ್ಟೆ ಪಟ್ಟೆ ಬಂಡೆ. ಒಂದು ಪಟ್ಟೆ ಕೆಂಪು, ಒಂದು ಬೂದಿ, ಮತ್ತೊಂದು ಕೆಂಪು. ವಿದ್ಯಾರ್ಥಿಗಳು ಬಂಡೆ ಕಂಡ ಕೂಡಲೇ ಸುತ್ತಿಗೆ ಎತ್ತುತ್ತಿದ್ದರು. ಮುಖ್ಯಸ್ಥರು ತಡೆಯುತ್ತಿದ್ದರು.

"ಮೊದ್ಲು ಕುಂದ್ರಿ. ಕುಂತು ನೋಡ್ರಿ. ಆಮ್ಯಾಲೆ ಬರ್ಕೊಳ್ರಿ. ಕುಟ್ಟೋದು ಕಡೀಗೆ. ಕಲ್ಲೇನು ಓಡಿ ಹೋಗಂಗಿಲ್ಲ."

ಅವರು ಕಲಿಸಿದ್ದರಲ್ಲಿ ಅದೊಂದೇ ಮಾತು ಸುಳ್ಳಾದದ್ದು. ಕಲ್ಲು ಓಡಿ ಹೋಯಿತು. ನಾವು ಕುಳಿತು ನೋಡುತ್ತಿದ್ದ ಬಂಡೆ, ಅದರ ಹಿಂದಿನ ಇಳಿಜಾರು, ಇಳಿಜಾರಿನ ಹಿಂದಿನ ದಿಬ್ಬ ಎಲ್ಲವೂ ಲಾರಿ ಹತ್ತಿ ಬಂದರಿಗೆ ಹೋದವು.

ಅದಿರಿನ ಬೆಲೆ ಏರಿದ ಆ ವರ್ಷಗಳನ್ನು ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಿಲ್ಲ. ಲಾರಿಗಳ ಸಾಲಿನಲ್ಲಿ ಸಿಕ್ಕ ಬಸ್ಸು ಸಂಡೂರು ಮುಟ್ಟುವಷ್ಟರಲ್ಲಿ ಮಕ್ಕಳ ಬುತ್ತಿ ಖಾಲಿಯಾಗಿರುತ್ತಿತ್ತು. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಿಂದ ಬರುತ್ತಿದ್ದ ಒಬ್ಬ ಹುಡುಗ ಆ ವರ್ಷಗಳಲ್ಲೇ ಭಾರವಾದ ಒಂದು ತುಂಡನ್ನು ಚೀಲದಲ್ಲಿ ಹೊತ್ತು ತಂದು, ಕಬ್ಬಿಣದ ಅದಿರು ಎಂದು ಚೀಟಿ ಅಂಟಿಸಿ ಪರೀಕ್ಷೆಗೆ ಇಟ್ಟಿದ್ದ. ತಿಕ್ಕಿ ತೊಳೆದು ನೋಡಿದರೆ ಅದಿರಿನ ಧೂಳು ಮೆತ್ತಿದ್ದ, ರಸ್ತೆ ಬದಿಯ ಸಿಮೆಂಟಿನ ಗೂಟದ ಚೂರು! ಕೆಂಪಾಗಿದ್ದದ್ದೆಲ್ಲ ಅದಿರಾಗುತ್ತದೇನೋ ಎಂದು ನಾನು ಗದರಿದರೆ ಅವನು ತಲೆ ಕೆರೆದುಕೊಂಡು, "ಮೇಡಂ, ಅಲ್ಲಿ ನಾಯಿನೂ ಕೆಂಪಗ ಅದಾವ್ರಿ, ನಾ ಏನ್ ಮಾಡ್ಲಿ?" ಎಂದ. ಪರೀಕ್ಷಕರು ನಕ್ಕು ಅಂಕ ಕೊಟ್ಟರು. ಅವನು ಕಣ್ಣಿಂದ ನೋಡಿದ್ದನ್ನೇ ಹೇಳಿದ್ದ.

ಕೆಲಸದ ರೀತಿ ಬದಲಾದದ್ದೂ ಆಗಲೇ. ಮೊದಲು ಗುಡ್ಡಕ್ಕೆ ಗೇಟು ಇರಲಿಲ್ಲ, ಆಮೇಲೆ ಬಂತು. ಗೇಟಿನ ಹಿಂದೆ ಅನುಮತಿ ಬಂತು. ಅನುಮತಿ ಕೊಡಿಸಲು ಪ್ರಿನ್ಸಿಪಾಲರು ಒಂದು ಗಣಿ ಕಂಪನಿಯವರ ಸ್ನೇಹ ಮಾಡಿದರು. ಮುಖ್ಯಸ್ಥರು ನಿವೃತ್ತರಾಗಿ ವಿಭಾಗದ ಹೊಣೆ ನನ್ನ ಮೇಲೆ ಬಿದ್ದಿತ್ತು. ಕಂಪನಿಯ ಬಸ್ಸು ಕಾಲೇಜಿನ ಬಾಗಿಲಿಗೇ ಬರತೊಡಗಿತು. ಕುಳಿತು ನೋಡುವುದು, ಬರೆದುಕೊಳ್ಳುವುದು, ಕುಟ್ಟುವುದು ಒಂದೂ ಉಳಿಯಲಿಲ್ಲ. ಗೇಟಿನಲ್ಲಿ ಬೂಟು ಹೆಲ್ಮೆಟ್ಟು, ಒಳಗೆ ಒಂದು ಗಂಟೆ ಭಾಷಣ, ಎತ್ತರದ ಕಟ್ಟೆಯ ಮೇಲೆ ನಿಂತು ದೂರದಿಂದ ಗಣಿ ದರ್ಶನ, ಹೋಳಿಗೆ ಊಟ, ಬ್ಯಾನರ್ ಹಿಡಿದು ಫೋಟೊ. ಮಾರನೆಯ ದಿನ ಪತ್ರಿಕೆಯಲ್ಲಿ ಆ ಫೋಟೊ. ಅಧ್ಯಯನ ಮಾಡಲು ಹೋದ ನಮ್ಮ ಮಕ್ಕಳು ಅವರ ಜಾಹೀರಾತಿನ ಚಿತ್ರವಾಗಿ ಮನೆಗೆ ಬರುತ್ತಿದ್ದರು. ಇದನ್ನು ಪ್ರಿನ್ಸಿಪಾಲರ ಮುಂದೆ ಆಡಿದರೆ, "ಹೋಳಿಗಿ ಹಾಕಿದವರಿಗೆ ಹಿಂಗ ಅನ್ನಬಾರದು ಮೇಡಂ" ಎನ್ನುತ್ತಿದ್ದರು.

ಹುಲಿಗೆಮ್ಮ ನಮ್ಮಲ್ಲಿ ಓದುತ್ತಿದ್ದದ್ದು ಆ ದಿನಗಳಲ್ಲಿ. ಕೂಡ್ಲಿಗಿ ತಾಲ್ಲೂಕಿನ, ಗುಡ್ಡದ ಈ ಮಗ್ಗುಲಿನ ಹಳ್ಳಿಯವಳು. ತಂದೆ ಇರಲಿಲ್ಲ. ತಾಯಿ ದುರುಗಮ್ಮ ಗಣಿಯಲ್ಲಿ ಕಲ್ಲು ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಯಂತ್ರಗಳು ಅಗೆದು ಸುರಿದ ರಾಶಿಯಿಂದ ಒಳ್ಳೆಯ ಅದಿರನ್ನು ಕೈಯಿಂದ ಬೇರೆ ಮಾಡಿ ಬುಟ್ಟಿಗೆ ತುಂಬುವುದು ಆಗ ಹೆಂಗಸರ ಕೆಲಸವಾಗಿತ್ತು. ಹುಲಿಗೆಮ್ಮ ತರಗತಿಯಲ್ಲಿ ಹೆಚ್ಚು ಮಾತಾಡುವ ಹುಡುಗಿಯಲ್ಲ. ಯಾವ ಗಣಿ ಎಂದು ಅವಳೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆ ವರ್ಷ ಗೇಟಿನಲ್ಲಿ ಕೊಟ್ಟ ಬೂಟುಗಳೆಲ್ಲ ದೊಡ್ಡ ಗಂಡಸರ ಅಳತೆಯವು. ಹುಡುಗಿಯರ ಕಾಲು ಒಳಗೆ ಜಾರಾಡುತ್ತಿದ್ದವು. ಒಬ್ಬರ ಹೆಗಲು ಒಬ್ಬರು ಹಿಡಿದು ನಗುತ್ತ ನಡೆದರು. ಗಣಿಯ ರಸ್ತೆ ಏರುತ್ತ ಹೋಗಿ ಒಂದು ತಿರುವಿನಲ್ಲಿ ಹಳೆಯ ಕಾಲುದಾರಿಯನ್ನು ಕೂಡುತ್ತದೆ. ಅಲ್ಲೊಂದು ಕಲ್ಲುಕಟ್ಟೆ. ಆ ಕಟ್ಟೆಯ ಹತ್ತಿರ ಬಂದರೆ ಮೇಲಿನ ದೇವರ ಗುಡ್ಡದ ನೆತ್ತಿ ಕಾಣುತ್ತದೆ. ನಮ್ಮ ಕಡೆಯ ಹಳ್ಳಿಗಳವರು ಅಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು, ಅಲ್ಲಿಂದ ಮುಂದೆ ಬರಿಗಾಲಲ್ಲೇ ನಡೆಯುತ್ತಾರೆ. ಯಾರೂ ಹೇಳಿಕೊಡುವುದಿಲ್ಲ, ಚಿಕ್ಕಂದಿನಲ್ಲಿ ಅಜ್ಜಿಯ ಕೈಹಿಡಿದು ಬಂದಾಗ ಕಾಲು ತಾನಾಗಿ ಕಲಿತಿರುತ್ತದೆ. ನಮ್ಮ ಮನೆಯಲ್ಲಿ ದೀಪ ಹಚ್ಚುವುದು ಬುದ್ಧನ ಮುಂದೆ. ನನ್ನ ಕಾಲಿಗೆ ಆ ಅಭ್ಯಾಸ ಇರಲಿಲ್ಲ. ಬೇರೆಯವರದನ್ನು ನೋಡಿ ತಿಳಿದಿದ್ದೆ, ಅಷ್ಟೆ.

ನಾನು ಹಿಂದೆ ಉಳಿದವರನ್ನು ಕರೆದುಕೊಂಡು ಬರುತ್ತಿದ್ದೆ. ತಿರುವಿಗೆ ಬಂದು ನೋಡುತ್ತೇನೆ, ಕಟ್ಟೆಯ ಬುಡದಲ್ಲಿ ಕಂಪನಿಯ ಬೂಟುಗಳು ಸಾಲಾಗಿ ನಿಂತಿವೆ. ಮುಂದೆ ಹೋದ ಮಕ್ಕಳೆಲ್ಲ ಬರಿಗಾಲಲ್ಲಿ, ತಲೆಗೆ ಹಳದಿ ಹೆಲ್ಮೆಟ್ಟು ಇಟ್ಟುಕೊಂಡು, ಗಣಿಯ ಅಂಚಿನ ಕಡೆ ನಡೆಯುತ್ತಿದ್ದಾರೆ. ಹೆಲ್ಮೆಟ್ಟನ್ನೂ ತೆಗೆದು ಕೈಮುಗಿದು ಮತ್ತೆ ಹಾಕಿಕೊಂಡರಂತೆ! ನನಗೆ ನಗು ಬಂತು. ನಗು ಮುಗಿಯುವ ಮೊದಲೇ ಸುರಕ್ಷಾ ಅಧಿಕಾರಿಯ ಜೀಪು ಬಂತು. ಅವರು ಬೇರೆ ಕಡೆಯಿಂದ ಬಂದವರು, ಈ ಕಟ್ಟೆಯ ವಿಷಯ ಗೊತ್ತಿರಲಿಲ್ಲ. ಮಕ್ಕಳು ಬೂಟು ಬೇಡವೆಂದು ಎಸೆದಿದ್ದಾರೆ ಎಂದುಕೊಂಡರು.

"ಏನ್ರೀ ಇದು? ಗಣಿ ಒಳಗೆ ಬರಿಗಾಲಲ್ಲಿ ಓಡಾಡ್ತಿದ್ದಾರೆ! ಇದು ಎಂಥ ಅಪರಾಧ ಗೊತ್ತಾ ನಿಮಗೆ? ಒಂದು ಚೂರು ಕಲ್ಲು ಚುಚ್ಚಿದ್ರೆ ಯಾರು ಜವಾಬ್ದಾರಿ? ನಮ್ಮ ಗಣಿಯಲ್ಲಿ ಬೂಟಿಲ್ಲದೆ ಒಬ್ಬನೇ ಒಬ್ಬ ಮನುಷ್ಯ ಕಾಲಿಡುವ ಹಾಗಿಲ್ಲ, ತಿಳ್ಕೊಳ್ಳಿ!"

ಮಕ್ಕಳು ತಲೆ ತಗ್ಗಿಸಿ ನಿಂತರು. ಹುಲಿಗೆಮ್ಮ ಮಾತ್ರ ಗಣಿಯ ಆಳದ ಕಡೆ ನೋಡುತ್ತಿದ್ದಳು. ಮೆಟ್ಟಿಲು ಮೆಟ್ಟಿಲಾಗಿ ಅಗೆದ ಗಣಿಯ ಕೆಳಗಿನ ಹಂತದಲ್ಲಿ ಹೆಂಗಸರು ಸಾಲಾಗಿ ಕುಕ್ಕರುಗಾಲಲ್ಲಿ ಕುಳಿತು ಕಲ್ಲು ಆರಿಸುತ್ತಿದ್ದರು. ಕೆಲವರ ಕಾಲಲ್ಲಿ ಲಾರಿ ಟೈರು ಕೊಯ್ದು ಮಾಡಿದ ಚಪ್ಪಲಿ. ಕೆಲವರ ಕಾಲಲ್ಲಿ ಅದೂ ಇಲ್ಲ. ತಲೆಗೆ ಸೆರಗು.

"ಸರ್" ಎಂದಳು ಹುಲಿಗೆಮ್ಮ. "ಅಲ್ಲಿ ಕೆಳಗ ನಮ್ಮವ್ವ ಅದಾಳ್ರಿ. ಆ ಹಸರು ಸೀರಿ. ನನ್ನ ಬೂಟು ಅಕಿಗೆ ಕೊಡ್ರಿ."

ಕೆಳಗೆ ಒಬ್ಬ ಹೆಂಗಸು ಎದ್ದು ನಿಂತು, ಹಣೆಗೆ ಕೈಯಿಟ್ಟು ಮೇಲೆ ನೋಡಿದಳು. ಮಗಳನ್ನು ಗುರುತಿಸಿ ಕೈ ಬೀಸಿದಳು. ಕಾಲೇಜಿಗೆ ಹೋಗುವ ಮಗಳು ತಾನು ದುಡಿಯುವ ಜಾಗ ನೋಡಲು ಬಂದಳೆಂಬ ಸಂಭ್ರಮ ಅವಳದು.

ಅಧಿಕಾರಿ ಆ ಕಡೆ ನೋಡಿದರು. ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಹೇಳಿದರು: "ಅವರು ನಮ್ಮವರಲ್ಲ. ಕಾಂಟ್ರಾಕ್ಟರ್ ಕಡೆಯವರು. ಅವರು ನಮ್ಮ ಲೆಕ್ಕಕ್ಕೆ ಬರಲ್ಲ."

ಆಗ ನಾನು ಏನು ಹೇಳಿದೆ? ಜೋರಾಗಿ ಜಗಳವಾಡಿದೆ ಎಂದು ನನ್ನ ನೆನಪು ಹೇಳುತ್ತದೆ. ಹುಲಿಗೆಮ್ಮನನ್ನು ಕೇಳಿದರೆ, "ನೀವು ಅವರ ಮುಖಾನ ನೋಡಿಕಂತ ನಿಂತಿದ್ರಿ ಮೇಡಂ, ಅದ ಸಾಕಿತ್ತು" ಎನ್ನುತ್ತಾಳೆ. ಎರಡರಲ್ಲಿ ಯಾವುದು ನಿಜವೋ ತೀರ್ಮಾನಿಸಲಾರೆ. ಊಟ ಮಾಡದೆ ಎಲ್ಲರೂ ಬಸ್ಸು ಹತ್ತಿದ್ದಂತೂ ನಿಜ.

ಒಂದು ವಾರದೊಳಗೆ ಕಂಪನಿಯಿಂದ ದೂರು ಬಂತು. ಪ್ರಿನ್ಸಿಪಾಲರು ನನ್ನನ್ನೂ ಹುಲಿಗೆಮ್ಮನನ್ನೂ ಕೋಣೆಗೆ ಕರೆದರು. ವಿದ್ಯಾರ್ಥಿಗಳು ಬೂಟು ಬಿಚ್ಚಿದ್ದಕ್ಕೆ ಕ್ಷಮೆ ಕೇಳಬೇಕಂತೆ. ಅದು ದೊಡ್ಡ ಮಾತಲ್ಲ, ನಾನೇ ಕೇಳಿಬಿಡುತ್ತಿದ್ದೆ. ಆದರೆ ಹುಲಿಗೆಮ್ಮ ಬೇರೆಯಾಗಿ ಬರೆದುಕೊಡಬೇಕಂತೆ: ಬೂಟಿಲ್ಲದ ಕೆಲಸಗಾರರು ಅಲ್ಲಿ ಯಾರೂ ಇರಲಿಲ್ಲ, ತನ್ನ ತಾಯಿಯೂ ಅಲ್ಲಿ ಇರಲಿಲ್ಲ, ದೂರದಿಂದ ನೋಡಿ ತಪ್ಪಾಗಿ ತಿಳಿದು ಮಾತಾಡಿದೆ ಎಂದು. ಬರೆದುಕೊಡದಿದ್ದರೆ ನಮ್ಮ ಕಾಲೇಜಿಗೆ ಇನ್ನು ಆ ಗುಡ್ಡಕ್ಕೆ ಅನುಮತಿ ಇಲ್ಲ. ಕ್ಷೇತ್ರಕಾರ್ಯ ಮುಗಿಯದೆ ಇಡೀ ತರಗತಿಯನ್ನು ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವ ಹಾಗಿರಲಿಲ್ಲ.

"ಸರ್, ತಾಯಿ ಇರಲಿಲ್ಲ ಅಂತ ಮಗಳ ಕೈಲಿ ಬರೆಸೋದಾ?" ಎಂದೆ.

"ಮೇಡಂ, ನನಗ ಖುಷಿ ಐತೇನು?" ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಸಾಲಿನ ಮಾತು. ಇಷ್ಟೂ ಮಕ್ಕಳ ವರ್ಷ ಉಳಿತೈತಿ. ಈಕಿ ಒಬ್ಬಾಕಿ ಬರದ್ರ ಎಲ್ಲಾರಿಗೂ ಒಳ್ಳೇದು."

ಅವರು ಕೆಟ್ಟ ಮನುಷ್ಯರಲ್ಲ. ಹೊಸಬರು ಇದನ್ನು ಗಮನಿಸಬೇಕು. ನನ್ನ ವೃತ್ತಿಯಲ್ಲಿ ನಾನು ಕಂಡ ಅನ್ಯಾಯಗಳಲ್ಲಿ ಹೆಚ್ಚಿನವನ್ನು ಮಾಡಿದವರು ಕೆಟ್ಟವರಾಗಿರಲಿಲ್ಲ. ಎಲ್ಲರಿಗೂ ಒಳ್ಳೆಯದಾಗಲಿ ಎಂದು ಒಬ್ಬರನ್ನು ಆರಿಸಿಕೊಂಡು ಅವರ ಮೇಲೆ ಭಾರ ಹೇರುತ್ತಾರೆ. ಆ ಒಬ್ಬರು ಯಾವಾಗಲೂ ಹುಲಿಗೆಮ್ಮನಂಥವರೇ ಆಗಿರುತ್ತಾರೆ. ಅದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಹುಲಿಗೆಮ್ಮ ನಾಳೆ ಹೇಳುತ್ತೇನೆ ಎಂದು ಹೋದಳು. ಮಾರನೆಯ ದಿನ ತಾಯಿಯನ್ನು ಕರೆದುಕೊಂಡು ಬಂದಳು. ದುರುಗಮ್ಮನನ್ನು ನಾನು ಹತ್ತಿರದಿಂದ ನೋಡಿದ್ದು ಆಗ. ಸಣ್ಣ ಆಳು, ಉದ್ದ ಹೆಜ್ಜೆ. ಅದೇ ಹಸಿರು ಸೀರೆ, ಅಂಚಿನಲ್ಲಿ ಕೆಂಪು ಹತ್ತಿಕೊಂಡಿತ್ತು. ಪ್ರಿನ್ಸಿಪಾಲರ ಕೋಣೆಯ ಬಾಗಿಲಲ್ಲಿ ಪ್ಯೂನ್ ತಡೆದ.

"ಚಪ್ಲಿ ಹೊರಗ ಬಿಡಬೇ. ನೆಲ ಈಗ ಒರಸೇತಿ."

ನನ್ನ ಕಾಲಲ್ಲಿ ಚಪ್ಪಲಿ ಇತ್ತು. ನನಗೆ ಅವನು ಏನೂ ಹೇಳಲಿಲ್ಲ. ದುರುಗಮ್ಮ ಟೈರಿನ ಚಪ್ಪಲಿಯನ್ನು ಗೋಡೆಗೆ ಒರಗಿಸಿಟ್ಟು ಒಳಗೆ ಬಂದಳು. ನಾನೂ ಬಿಟ್ಟು ಹೋದೆ.

ಮುನ್ನಾದಿನವೇ ಗಣಿಯ ಮೇಸ್ತ್ರಿ ಅವಳಿಗೆ ಹೇಳಿ ಕಳಿಸಿದ್ದನಂತೆ: ಮಗಳು ಬರೆದುಕೊಟ್ಟರೆ ಕೆಲಸಕ್ಕೆ ಬಾ, ಇಲ್ಲದಿದ್ದರೆ ಬರಬೇಡ. ಅವಳು ಬೇಡಿಕೊಳ್ಳಲು ಬಂದಿದ್ದಾಳೆ ಎಂದುಕೊಂಡ ಪ್ರಿನ್ಸಿಪಾಲರು ಬಹಳ ಮೃದುವಾಗಿ ಮಾತಾಡಿದರು.

"ಕುಂದ್ರವ್ವಾ. ಮಗಳಿಗೆ ಬುದ್ಧಿ ಹೇಳು. ನಿನ್ನ ಕೆಲಸಾನೂ ಉಳಿಲಿ, ಆಕಿ ಓದೂ ಉಳಿಲಿ."

ದುರುಗಮ್ಮ ಕೂರಲಿಲ್ಲ. "ನಾನು ಓದಿಲ್ರಿ ಸರ. ಇಕಿ ಏನ್ ಬರೀಬೇಕು, ಒಂದ್ಸಲ ನನಗೂ ಕೇಳಂಗ ಹೇಳ್ರಿ."

ಪ್ರಿನ್ಸಿಪಾಲರು ಹೇಳಿದರು. ಮೊದಲ ಭಾಗವನ್ನು ಸ್ಪಷ್ಟವಾಗಿ, ತಾಯಿ ಇರಲಿಲ್ಲ ಎಂಬ ಮಾತನ್ನು ತುಸು ಬೇಗ.

"ನಾನು ಅಲ್ಲಿ ಇರಲಿಲ್ಲಾ?"

"ಕಾಗದಕ್ಕ ಅಷ್ಟ ಅವ್ವಾ. ನೀನು ಇದ್ದದ್ದು ನಮಗೆಲ್ಲ ಗೊತ್ತೈತಿ."

"ಅಲ್ರಿ ಸರ" ದುರುಗಮ್ಮನ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. "ಇಕಿ ಹೊಟ್ಟ್ಯಾಗ ಇದ್ದಾಗಿಂದ ನಾನು ಆ ಗುಡ್ಡದಾಗ ಕಲ್ಲು ಆರಿಸೀನಿ. ನಾನು ಇರಲಿಲ್ಲ ಅಂದ್ರ ಇಕಿ ಎಲ್ಲಿಂದ ಬಂದ್ಲು?"

ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ನಾನು ದುರುಗಮ್ಮನನ್ನೇ ನೋಡುತ್ತಿದ್ದೆ.

"ಕೆಲಸ ಹೋಗತೈತಿ ದುರುಗಮ್ಮ."

"ಹೋಗ್ಲಿ ಬಿಡ್ರಿ. ನನ್ನ ಚಪ್ಲಿಗಿಂತ ಜಾಸ್ತಿ ಸವದೈತಿ ಅದು." ಮಗಳ ಕಡೆ ತಿರುಗಿದಳು. "ನಡೀಲೇ. ಕ್ಲಾಸಿಗೆ ಹೋಗು. ಅಕ್ಕೋರೆ, ಇಕಿನ್ನ ಬ್ಯಾರೆ ಯಾವುದರ ಗುಡ್ಡಕ್ಕ ಕರಕಂಡು ಹೋಗ್ರಿ. ದೇವ್ರು ಒಂದ ಗುಡ್ಡ ಮಾಡ್ಯಾನೇನು?"

ಬೇರೆ ಗುಡ್ಡ ಬೇಕಾಗಲಿಲ್ಲ. ಆ ವರ್ಷ ನಾವು ಸರ್ಕಾರಿ ಬಸ್ಸಿನಲ್ಲೇ ಹೋದೆವು. ಗೇಟಿನ ಕಡೆ ತಲೆ ಹಾಕಲಿಲ್ಲ. ಗುಡ್ಡದ ಬುಡದಲ್ಲಿ, ಕಂಪನಿಯ ಬೇಲಿಯ ಹೊರಗೆ ಒಂದು ಹಳ್ಳವಿದೆ. ಮೇಲಿನ ಗುಡ್ಡದಲ್ಲಿ ಇರುವುದೆಲ್ಲ ಮಳೆಗೆ ಉರುಳಿ ಅಲ್ಲಿಗೆ ಬರಲೇಬೇಕು. ಪಟ್ಟೆ ಕಲ್ಲು, ಕಪ್ಪು ಮ್ಯಾಂಗನೀಸು, ಬಿಳಿ ಸ್ಫಟಿಕ, ಎಲ್ಲ ನುಣ್ಣಗೆ ತಿಕ್ಕಿಸಿಕೊಂಡು ಅಲ್ಲಿ ಬಿದ್ದಿದ್ದವು. ಯಾವ ಕಲ್ಲು ಯಾವ ಎತ್ತರದಿಂದ ಬಂದಿರಬಹುದು ಎಂದು ಮಕ್ಕಳು ವಾದ ಮಾಡಿದರು. ಹಳ್ಳದ ದಂಡೆಯ ಹೊಲದಲ್ಲಿ ನಯವಾದ ಕೆಂಪು ಕೆಸರು ಜೋಳದ ದಂಟನ್ನು ಅರ್ಧ ಮುಚ್ಚಿತ್ತು. ಅದನ್ನೂ ಬರೆದುಕೊಂಡರು. ಹೊರಗಿನಿಂದ ಬಂದ ಪರೀಕ್ಷಕರು, "ಗಣಿ ನೋಡದೆ ಅದಿರಿನ ವರದಿಯೇ?" ಎಂದು ಮೊದಲು ಹುಬ್ಬೇರಿಸಿದರು. ಆಮೇಲೆ ಹುಲಿಗೆಮ್ಮನ ಜೊತೆ ಬಹಳ ಹೊತ್ತು ಮಾತಾಡಿದರು. ಎಲ್ಲರೂ ತೇರ್ಗಡೆಯಾದರು. ಹೊಸಬರೇ, ನಿಮಗೆ ನಾನು ಹೇಳಬಹುದಾದ ಒಂದೇ ಉಪಯುಕ್ತ ಮಾತು ಇದು: ಹಳ್ಳಕ್ಕೆ ಹೋಗಿ. ಅಲ್ಲಿಗೆ ಯಾರ ಅನುಮತಿಯೂ ಬೇಡ, ಅಲ್ಲಿ ಯಾರೂ ನಿಮ್ಮ ಫೋಟೊ ತೆಗೆಯುವುದಿಲ್ಲ.

ದುರುಗಮ್ಮನ ಕೆಲಸ ಹೋಯಿತು. ಹಡಗಲಿಯಲ್ಲಿದ್ದ ತಂಗಿಯ ಮನೆಗೆ ಹೋಗಿ ಮಲ್ಲಿಗೆ ಬಿಡಿಸುವ, ಕಟ್ಟುವ ಕೆಲಸ ಹಿಡಿದಳು. ಮುಂದೆ ಗಣಿಗಳು ಮುಚ್ಚಿದವು, ಮತ್ತೆ ತೆರೆದವು. ತೆರೆದಾಗ ಕಲ್ಲು ಆರಿಸಲು ಯಂತ್ರ ಬಂದಿತ್ತು. ಹೆಂಗಸರನ್ನು ಯಾರೂ ಕರೆಯಲಿಲ್ಲ. ಪರಿಹಾರ ಕೇಳಲು ಹೋದವರಿಗೆ ಸಿಕ್ಕ ಉತ್ತರ ಒಂದೇ, ನೀವು ಇಲ್ಲಿ ಕೆಲಸ ಮಾಡಿದ್ದಕ್ಕೆ ಏನು ಆಧಾರ? ದುರುಗಮ್ಮನ ಬಗ್ಗೆ ಬರೆಸಬೇಕೆಂದಿದ್ದ ಆ ಮಾತನ್ನು, ಇವರು ಅಲ್ಲಿ ಇರಲಿಲ್ಲ ಎಂಬುದನ್ನು, ಯಾರಿಂದಲೂ ಬರೆಸದೆಯೇ ಎಲ್ಲ ಹೆಂಗಸರಿಗೂ ಅನ್ವಯಿಸಿದರು.

ಹುಲಿಗೆಮ್ಮ ಈಗ ಹಡಗಲಿ ಕಡೆಯ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಾಳೆ. ಪ್ರತಿ ವರ್ಷ ಸರ್ಕಾರಿ ಬಸ್ಸಿನಲ್ಲಿ ಮಕ್ಕಳನ್ನು ಹಳ್ಳಕ್ಕೆ ಕರೆದುಕೊಂಡು ಹೋಗುತ್ತಾಳೆ. ಈ ಮಳೆಗಾಲ ಕಳೆದ ಮೇಲೆ ನನ್ನನ್ನೂ ಕರೆದಳು. ಜೊತೆಗೆ ದುರುಗಮ್ಮನೂ ಬಂದಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ, ಹೆಜ್ಜೆ ಮಾತ್ರ ಅಷ್ಟೇ ಉದ್ದ. ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಅಕ್ಕೋರೆ, ಕೂದಲಿಗೆ ಬಣ್ಣ ಹಾಕ್ಕಂತೀರೇನು? ನನಗಿಂತ ಸಣ್ಣಾಕಿ ಕಾಣ್ತೀರಿ" ಎಂದು ಕಾಲೆಳೆದಳು.

ಬೆಳಿಗ್ಗೆ ಹಳ್ಳದ ಕೆಲಸ ಮುಗಿಯಿತು. ಮಕ್ಕಳಿಗೆ ಗುಡ್ಡದ ಮೇಲೆ ಹೊಸದಾಗಿ ಆಗಿರುವ ವೀಕ್ಷಣಾ ಕೇಂದ್ರ ನೋಡುವ ಆಸೆ. ಹಳೆಯ ಗಣಿಯೊಂದರ ಅಂಚಿನಲ್ಲಿ ಗಾಜಿನ ಕಟ್ಟಡ, ಒಳಗೆ ಗಣಿಗಾರಿಕೆಯ ಇತಿಹಾಸದ ಪ್ರದರ್ಶನ. ಹುಲಿಗೆಮ್ಮ ತಾಯಿಯ ಮುಖ ನೋಡಿದಳು. "ನಡೀರಿ, ನೋಡಾನ. ನಾನೇನು ಹೆದರಿಕಂಡೀನಾ?" ಎಂದಳು ದುರುಗಮ್ಮ.

ಗೇಟಿನಲ್ಲಿ ಕಾವಲುಗಾರ ಎಲ್ಲರಿಗೂ ಬೂಟು ಕೊಟ್ಟ. ದುರುಗಮ್ಮನಿಗೂ ಕೊಟ್ಟ.

"ನನಗಾ?"

"ಹೌದಜ್ಜಿ. ನೋಡಾಕ ಬಂದವರೆಲ್ಲಾ ಹಾಕ್ಕಳಬೇಕು."

ದುರುಗಮ್ಮ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಜೋರಾಗಿ ನಕ್ಕಳು. "ಲೇ ಹುಲಿಗಿ, ನೋಡಲೇ. ದುಡಿಯಾಕ ಬಂದಾಗ ಇರಲಿಲ್ಲ, ನೋಡಾಕ ಬಂದಾಗ ಐತಿ!" ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದಳು. "ಕೆಸರಾಗಿನ ಎಮ್ಮಿ ಆದ್ನಲ್ಲೇ ನಾನು" ಎಂದಳು. ಮಕ್ಕಳೆಲ್ಲ ನಕ್ಕರು. ಹುಲಿಗೆಮ್ಮ ನಗಲಿಲ್ಲ.

ಪ್ರದರ್ಶನದ ಕೊನೆಯ ಕೋಣೆಯಲ್ಲಿ ಒಂದು ಗೊಂಬೆ. ಆಳೆತ್ತರದ ಹೆಂಗಸು, ಹಸಿರು ಸೀರೆ, ತಲೆಗೆ ಹಳದಿ ಹೆಲ್ಮೆಟ್ಟು, ಕೈಗೆ ಕೈಗವಸು, ಮುಂದೆ ಅದಿರಿನ ಬುಟ್ಟಿ. ಕಾಲಲ್ಲಿ ಮಿರಿಮಿರಿ ಮಿಂಚುವ ಕಪ್ಪು ಬೂಟು. ತುಟಿಯಲ್ಲಿ ನಗು. ವಿವರಿಸುವ ತರುಣ ಬಾಯಿಪಾಠ ಒಪ್ಪಿಸಿದ: "ಆ ಕಾಲದಲ್ಲಿ ಅದಿರನ್ನು ಕೈಯಿಂದ ಆರಿಸುತ್ತಿದ್ದರು. ಮೊದಲಿನಿಂದಲೂ ಕೆಲಸಗಾರರ ಸುರಕ್ಷತೆಗೆ ಇಲ್ಲಿ ಆದ್ಯತೆ ಕೊಡಲಾಗಿದೆ."

ಅಂದು ಇರಲಿಲ್ಲ ಎಂದರು. ಇಂದು ಇದ್ದಳು ಎನ್ನುತ್ತಿದ್ದಾರೆ, ಬೂಟು ಹಾಕಿ ನಿಲ್ಲಿಸಿ. ಎರಡರಲ್ಲಿ ಯಾವುದು ಹೆಚ್ಚಿನ ಸುಳ್ಳು? ನಾನು ಬಾಯಿ ತೆರೆಯುವಷ್ಟರಲ್ಲಿ ದುರುಗಮ್ಮ ಗೊಂಬೆಯ ಹತ್ತಿರ ಹೋಗಿದ್ದಳು. ಸುತ್ತ ಒಂದು ಸಲ ತಿರುಗಿ ನೋಡಿದಳು. ಗೊಂಬೆಯ ಗಲ್ಲ ಮುಟ್ಟಿ, "ಯಾರವ್ವಾ ನೀನು?" ಎಂದಳು. ಆಮೇಲೆ ಅದರ ಬುಟ್ಟಿಯ ಪಕ್ಕ ನೆಲದ ಮೇಲೆ ಕೂತಳು. ಬೂಟು ಬಿಚ್ಚಿದಳು. ಕಾಲು ಚಾಚಿದಳು.

ಅಂಗಾಲು ನಮ್ಮ ಕಡೆ ಇದ್ದವು. ಸೀಳು, ಸೀಳಿನ ಮೇಲೆ ಸೀಳು, ಎಡಗಾಲಿನ ಹೆಬ್ಬೆರಳು ಅರ್ಧ ಇಲ್ಲ. ಇಷ್ಟು ವರ್ಷದ ಪರಿಚಯದಲ್ಲಿ ಅದನ್ನು ನಾನು ಗಮನಿಸಿರಲಿಲ್ಲ.

ತರುಣ ಗಾಬರಿಯಾದ. "ಅಜ್ಜಿ, ಇಲ್ಲಿ ಕುಂದ್ರಂಗಿಲ್ಲ. ಬೂಟು ತಗಿಬಾರ್ದು. ಏಳ್ರಿ ಅಜ್ಜಿ."

"ನಾನು ಇಲ್ಲಿ ಇಲ್ಲೋ ಮಗನ" ಎಂದಳು ದುರುಗಮ್ಮ ಸಮಾಧಾನವಾಗಿ. "ಯಾವಾಗ್ಲೂ ಇರಲಿಲ್ಲಂತ. ನಿಮ್ಮ ದೊಡ್ಡವರನ್ನ ಕೇಳು. ಇಲ್ಲದಾಕಿನ್ನ ಹ್ಯಾಂಗ ಎಬ್ಬಸ್ತಿ?"

ಅವನು ಹುಲಿಗೆಮ್ಮನ ಕಡೆ ನೋಡಿದ. ಹುಲಿಗೆಮ್ಮ ಬಾಗಿ ತನ್ನ ಬೂಟಿನ ದಾರ ಬಿಚ್ಚಿದಳು. ಎರಡನ್ನೂ ಜೋಡಿಸಿ ಪಕ್ಕಕ್ಕಿಟ್ಟು, ತನ್ನ ವಿದ್ಯಾರ್ಥಿಗಳ ಕಡೆ ತಿರುಗಿದಳು.

"ಮೊದ್ಲು ಕುಂದ್ರಿ" ಎಂದಳು. "ಕುಂತು ನೋಡ್ರಿ. ಆಮ್ಯಾಲೆ ಬರ್ಕೊಳ್ರಿ."

ಮಕ್ಕಳು ಕೂತರು. ನಾನೂ ಕೂತೆ.